ಹದಿನಾರೋ, ಹತ್ತೊಂಬತ್ತೋ

ಕಾರಿನ ಸದ್ದು ಕೇಳಿಯೇ ಅದು ಯಾರ ಕಾರೆಂದು ಹೇಳಬಲ್ಲವರು ಆಗಿನ ಮೂಡುಬಿದಿರೆಯಲ್ಲಿ ಬಹಳ ಮಂದಿ ಇದ್ದರು. ಅದೇನೂ ದೊಡ್ಡ ವಿದ್ಯೆಯಲ್ಲ. ಕಾರುಗಳೇ ಅಷ್ಟು ಕಡಿಮೆ. ಅವುಗಳಲ್ಲಿ ಒಂದು ನಮ್ಮ ಮನೆಯದಾಗಿತ್ತು. ಎರಡೇ ಸೀಟಿನ, ತಂತಿ ಕಡ್ಡಿಗಳ ಚಕ್ರದ, ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಿಡಬಹುದಾದ ಕೆಂಪು ಕಾರು. ಇಂಗ್ಲೆಂಡಿನಲ್ಲಿ ವೇಗದ ಶೋಕಿ ಇದ್ದವರಿಗಾಗಿ ಮಾಡಿದ್ದು. ನಮ್ಮ ಊರಿನಲ್ಲಿ ಅದನ್ನು ನಡೆಸುತ್ತಿದ್ದವಳು ನನ್ನ ಚಿಕ್ಕಮ್ಮ ಲೀಲಾ, ಹಳ್ಳಿ ಹಳ್ಳಿಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ನರ್ಸು.

ಈಚೆಗೆ ಅಚ್ಚಾದ ಒಂದು ಸ್ಮರಣ ಸಂಚಿಕೆಯಲ್ಲಿ ಆ ಕಾರಿನ ವಿಷಯ ಬಂದಿದೆ. ನನ್ನ ದೊಡ್ಡ ಮಾವ ಇಂಗ್ಲೆಂಡಿಗೆ ಪತ್ರ ಬರೆದು, ಹಡಗಿನಲ್ಲಿ ಟಯರು ತರಿಸಿ, ತಂಗಿಗೆ ಕಾರನ್ನು ಸಜ್ಜುಮಾಡಿ ಕೊಟ್ಟರೆಂದು ಅದರಲ್ಲಿದೆ. ಬರೆದವರು ನನ್ನನ್ನು ಕೇಳಲಿಲ್ಲ. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಮುಂದಿನದನ್ನೆಲ್ಲ ವಾಚನಾಲಯದ ಬೆಂಚಿನ ಮೇಲೆ ಕುಳಿತು ನಾನೇ ಓದಿಕೊಂಡೆ. ಹೀಗಾಗಿ, ಅಚ್ಚಾಗಿದೆ ಎಂಬ ಕಾರಣಕ್ಕೇ ಒಂದು ಮಾತನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗೆ ಹತ್ತಲಿಲ್ಲ. ಆ ಟಯರುಗಳು ಹಡಗಿನಲ್ಲಿ ಬರಲಿಲ್ಲ. ಬಂಟ್ವಾಳದಿಂದ ಬಸ್ಸಿನ ಟಾಪಿನ ಮೇಲೆ ಬಂದವು. ಆ ಬಸ್ಸಿನೊಳಗೆ ನಾನಿದ್ದೆ.

ಐದನೆಯ ತರಗತಿ ಮುಗಿದ ಬೇಸಿಗೆ ರಜೆ ಅದು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸೇರು, ಗಜಗಳು ಹೋಗಿ ಕಿಲೋ, ಮೀಟರುಗಳು ಬರುತ್ತಿದ್ದ ಕಾಲ. ಮನೆಯ ಇಪ್ಪತ್ತು ವಸ್ತುಗಳನ್ನು ಇಂಚಿನಲ್ಲೂ ಸೆಂಟಿಮೀಟರಿನಲ್ಲೂ ಅಳೆದು ಬರೆದು ತರಬೇಕೆಂದು ಮಾಸ್ಟ್ರು ಹೇಳಿ ಕಳುಹಿಸಿದ್ದರು. ಒಂದು ಅಡಿ ಉದ್ದದ ಮರದ ಸ್ಕೇಲು ಹಿಡಿದು ನಾನು ಕಡೆಯುವ ಕಲ್ಲನ್ನು ಅಳೆದೆ, ಅಜ್ಜಿಯ ವೀಳ್ಯದ ಪೆಟ್ಟಿಗೆಯನ್ನು ಅಳೆದೆ, ಮಲಗಿದ್ದ ನಾಯಿಯನ್ನೂ ಅಳೆದೆ. ಅಂಗಳದಲ್ಲಿ ಗೇರುಬೀಜದ ಆಟ ಆಡುವಾಗ ಯಾರ ಬೀಜ ಗೆರೆಗೆ ಹತ್ತಿರವೆಂಬ ಜಗಳಕ್ಕೂ ನನ್ನ ಸ್ಕೇಲಿನದೇ ತೀರ್ಪು. ಬೀಜದ ಸೊನೆ ತಾಗಿ ಎಲ್ಲರ ಬೆರಳ ತುದಿಗಳೂ ಸುಲಿದಿದ್ದವು. ಮನೆಯೊಳಗೆ ಯಾವ ಮೂಲೆಗೆ ಹೋದರೂ ಹಲಸಿನ ಹಣ್ಣಿನ ವಾಸನೆ.

ಹಾಗಿರುವಾಗ ಬೆಳ್ತಂಗಡಿಯಿಂದ ಲಾರಿಯ ಮೇಲೆ ಆ ಕಾರು ಬಂತು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬರ ಹೆಂಡತಿ ಬೆಳ್ತಂಗಡಿಯ ಬಂಗಲೆಯಲ್ಲಿ ಜ್ವರದಿಂದ ಮಲಗಿದ್ದಾಗ ಚಿಕ್ಕಮ್ಮ ಮೂರು ವಾರ ಆರೈಕೆ ಮಾಡಿದ್ದಳು. ಚೇತರಿಸಿಕೊಂಡ ಮೇಲೆ ಆಕೆಯೇ ತಮ್ಮ ದೊಡ್ಡ ಕಾರಿನಲ್ಲಿ ಕೂರಿಸಿ ಚಿಕ್ಕಮ್ಮನಿಗೆ ಡ್ರೈವಿಂಗ್ ಕಲಿಸಿದಳು, ಮಂಗಳೂರಿಗೆ ಕರೆದೊಯ್ದು ಲೈಸೆನ್ಸನ್ನೂ ಮಾಡಿಸಿದಳು. ತನ್ನ ದೇಶಕ್ಕೆ ಮರಳುವಾಗ, ಶೆಡ್ಡಿನಲ್ಲಿ ಬಿದ್ದಿದ್ದ ಈ ಹಳೆಯ ಕಾರನ್ನು ಬರೆದುಕೊಟ್ಟು ಹೋದಳು. ಇದರ ಬಗ್ಗೆಯೂ ಊರಿನಲ್ಲಿ ಬೇರೆ ಬೇರೆ ಕಥೆಗಳಿದ್ದವು. ನಾನು ಚಿಕ್ಕಮ್ಮನನ್ನು ಬೇರೆ ಬೇರೆ ವಯಸ್ಸಿನಲ್ಲಿ ಮೂರು ಸಲ ಕೇಳಿದ್ದೇನೆ; ಮೂರು ಸಲವೂ ಇದೇ ಉತ್ತರ ಸಿಕ್ಕಿತು.

ಎಂಜಿನ್ನು ಸರಿಯಿತ್ತು. ಟಯರುಗಳನ್ನು ಮಾತ್ರ ಇಲಿ ತಿಂದು, ಬದಿಯ ರಬ್ಬರು ಒಡೆದು ಪುಡಿಯಾಗಿ, ಅಳತೆಯ ಅಂಕಿ ಪೂರ್ತಿ ಅಳಿಸಿಹೋಗಿತ್ತು.

ಬೆಳುವಾಯಿಯಲ್ಲೋ ಮಿಜಾರಿನಲ್ಲೋ ನೋವು ಶುರುವಾಯಿತೆಂದು ಜನ ಓಡಿಬಂದರೆ ಚಿಕ್ಕಮ್ಮ ಬಸ್ಸಿಗೆ ಕಾಯಬೇಕಿತ್ತು, ಇಲ್ಲವೇ ಎತ್ತಿನ ಗಾಡಿ ಹತ್ತಬೇಕಿತ್ತು. ಆ ವರ್ಷದ ಚಳಿಗಾಲದಲ್ಲಿ ಅವಳು ತಲುಪುವ ಮೊದಲೇ ಒಬ್ಬಳು ಹೆಂಗಸು ತೀರಿಕೊಂಡಿದ್ದಳು. ಅದರ ಬಗ್ಗೆ ಚಿಕ್ಕಮ್ಮ ಮಾತನಾಡುತ್ತಿರಲಿಲ್ಲ. ಕಾರಿನ ಬಗ್ಗೆ ಮಾತ್ರ ಮಾತನಾಡುತ್ತಿದ್ದಳು.

ಮನೆಯ ಯಜಮಾನರು ದೊಡ್ಡ ಮಾವ, ಅಮ್ಮನಿಗೂ ಚಿಕ್ಕಮ್ಮನಿಗೂ ಅಣ್ಣ. ಮಳೆಗಾಲಕ್ಕೆ ಬೈಹುಲ್ಲು ಇಡುವ ಕೊಟ್ಟಿಗೆಯಲ್ಲಿ ಕಾರು ಮಲಗಿದ್ದು ಅವರಿಗೆ ಹಿಡಿಸಲಿಲ್ಲ. ಹೆಂಗಸು ಕಾರು ನಡೆಸುವುದು ಅದಕ್ಕಿಂತಲೂ ಹಿಡಿಸಲಿಲ್ಲ, ಆದರೆ ಬಾಯಿಬಿಟ್ಟು ಹೇಳಿದ್ದು ಹುಲ್ಲಿನ ವಿಷಯ. ನಮ್ಮಲ್ಲಿ ಪತ್ತನಾಜೆಯೆಂದರೆ ಮಳೆ ಹಿಡಿಯುವ ಮುನ್ನ ಭೂತಕೋಲ, ಬಯಲಾಟಗಳೆಲ್ಲ ನಿಲ್ಲುವ ದಿನ. ಅದನ್ನೇ ಗಡುವು ಮಾಡಿದರು.

"ಪತ್ತನಾಜೆಯ ಒಳಗೆ ಅದು ಅದರ ಕಾಲಿನಲ್ಲಿ ನಿಲ್ಲಬೇಕು ಲೀಲಾ. ಇಲ್ಲದಿದ್ದರೆ ಗುಜರಿಯವನಿಗೆ. ಬೈಹುಲ್ಲು ಎಲ್ಲಿ ಇಡುವುದು, ನಿನ್ನ ತಲೆಯ ಮೇಲೆಯಾ?"

ಆಗ ನಮ್ಮ ಮನೆಯ ಮಾಡಿನ ಪಕ್ಕಾಸುಗಳನ್ನು, ಹಂಚು ಹೊರುವ ಮರದ ಪಟ್ಟಿಗಳನ್ನು, ಬದಲಿಸಲು ಬಡಗಿ ಬಾಬು ಆಚಾರಿ ಬರುತ್ತಿದ್ದರು. ಹೊಸ ಟಯರಿಗೆ ಬರೆಯಬೇಕಾದರೆ ಅಳತೆ ಬೇಕು, ಅಳತೆಯೆಂದರೆ ಆಚಾರಿ. ಅವರು ಒಂದು ಹಳೆಯ ಟಯರನ್ನು ಅಂಗಳದಲ್ಲಿ ಮಲಗಿಸಿ, ನಡುವಿನ ತೂತಿಗೆ, ನಮ್ಮ ಮಾತಿನಲ್ಲಿ ಒಟ್ಟೆಗೆ, ಅಡ್ಡಲಾಗಿ ತಮ್ಮ ಅಳತೆಯ ಕೋಲನ್ನಿಟ್ಟು, ಒಂದು ಕಣ್ಣು ಮುಚ್ಚಿ ಹದಿನಾರು ಎಂದರು. ಮಾವ ಮಂಗಳೂರಿನ ಅಂಗಡಿಗೆ ಹದಿನಾರರ ನಾಲ್ಕು ಟಯರು ಬೇಕೆಂದು ಬರೆದರು. ಆ ಕಾಲದ ಜೀಪುಗಳಿಗೂ ಹದಿನಾರೇ ಇದ್ದುದರಿಂದ ಅಂಗಡಿಯವರು ಮರುಪ್ರಶ್ನೆ ಕೇಳದೆ ಕಳುಹಿಸಿದರು.

ಟಯರು ಕೂರಿಸಲು ಬಂದವರು ಬಸ್‌ಸ್ಟ್ಯಾಂಡಿನ ಬಳಿ ಪಂಚರ್ ಅಂಗಡಿ ಇಟ್ಟಿದ್ದ ಹಸನಬ್ಬ ಬ್ಯಾರಿ. ಮಿತಭಾಷಿ, ಅಂಗಿಗೆ ಸದಾ ಸೊಲ್ಯೂಷನ್ನಿನ ಘಾಟು. ಅವರು ಒಂದು ಗಂಟೆ ಲಿವರು ಹಾಕಿ ಹೆಣಗಿ, ಕೊನೆಗೆ ಲಿವರನ್ನು ಕೆಳಗಿಟ್ಟು, ಇದು ಈ ಜನ್ಮದಲ್ಲಿ ಹತ್ತುವುದಿಲ್ಲ ಎಂದರು. ತಕ್ಷಣ ಎಲ್ಲರೂ ಕಾರಣ ಹುಡುಕಿದರು. ಆಚಾರಿಯ ಪ್ರಕಾರ ಅಂಗಡಿಯವರ ಮೋಸ. ಮಾವನ ಪ್ರಕಾರ ಸೆಕೆಗೆ ರಬ್ಬರು ಕುಗ್ಗಿದ್ದು. ಅಜ್ಜಿಯ ಪ್ರಕಾರ ದೃಷ್ಟಿ. ಚಿಕ್ಕಮ್ಮ ಮಾತ್ರ ಕಾರಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತಿದ್ದಳು.

ನಾನು ಅಳೆದದ್ದು ಜಾಣತನದಿಂದಲ್ಲ. ಇಪ್ಪತ್ತು ವಸ್ತುಗಳಿಗೆ ಇನ್ನೂ ಎರಡು ಕಡಿಮೆ ಇದ್ದವು. ಹಳೆಯ ಟಯರು ಒಂದು, ಹೊಸ ಟಯರು ಒಂದು ಎಂದು ಲೆಕ್ಕ ತುಂಬಿಸಲು ಹೊರಟೆ. ಸ್ಕೇಲು ಗಿಡ್ಡವಾದ್ದರಿಂದ ಒಟ್ಟೆಗೆ ಅಡ್ಡಲಾಗಿ ತೆಂಗಿನ ಗರಿಯ ಕಡ್ಡಿ ಇಟ್ಟು ಮುರಿದು, ಕಡ್ಡಿಯನ್ನು ಅಳೆದೆ. ಹೊಸದು ಹದಿನಾರು ಇಂಚು. ಹಳೆಯದು ಹತ್ತೊಂಬತ್ತು.

"ಮಾವ, ಹಳೆಯದು ಹತ್ತೊಂಬತ್ತು ಉಂಟು."

"ನೀನು ಹೋಗಿ ನಾಯಿಯನ್ನು ಅಳೆ," ಎಂದರು ಮಾವ.

ಬಾಬು ಆಚಾರಿಗೆ ನೋವಾಯಿತು. "ಈ ಮನೆ ನಿಂತದ್ದು ನನ್ನ ಅಪ್ಪನ ಕೋಲಿನಲ್ಲಿ, ವಾರಿಜ. ಶಾಲೆಯ ಸ್ಕೇಲಿನಲ್ಲಿ ಅಲ್ಲ."

ಹಸನಬ್ಬರು ಎದ್ದುಬಂದು ನನ್ನ ಕೈಯಿಂದ ಸ್ಕೇಲನ್ನು ತೆಗೆದುಕೊಂಡರು. ಆಚಾರಿಯ ಕೋಲನ್ನೂ ಕೇಳಿ ಪಡೆದು ಎರಡನ್ನೂ ಜಗಲಿಯ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಗೆರೆಗೆ ಗೆರೆ ಹೊಂದಿಸಿ ನೋಡಿದರು.

"ಆಚಾರಿಗಳೇ, ಸಿಟ್ಟು ಮಾಡಬೇಡಿ. ನಿಮ್ಮ ಕೋಲೂ ಸುಳ್ಳು ಹೇಳಲಿಲ್ಲ, ಬಾಲೆಯ ಸ್ಕೇಲೂ ಸುಳ್ಳು ಹೇಳಲಿಲ್ಲ. ನಿಮ್ಮ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಇಂಚಿಗಿಂತ ಸ್ವಲ್ಪ ಜಾಸ್ತಿ ಉಂಟು. ನಿಮ್ಮ ಹದಿನಾರೇ ಇದರ ಹತ್ತೊಂಬತ್ತು."

ಮನೆ ಕಟ್ಟುವ ಕೋಲಿನ ಭಾಗಗಳೇ ಬೇರೆ, ಪೇಟೆಯ ಇಂಚೇ ಬೇರೆ ಎಂಬುದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿದ್ದ ಸಂಗತಿ. ಕೋಲು ನಮ್ಮ ಮನೆಯಲ್ಲಿ ಅಷ್ಟು ವರ್ಷ ತಪ್ಪು ಹೇಳಿರಲಿಲ್ಲವಾದ್ದರಿಂದ, ಅದು ಮನೆಯ ಹೊರಗೂ ಅದೇ ಮಾತು ಆಡುತ್ತದೆಯೇ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಮಾವ ಒಳಗೆ ಹೋದರು. ಹೋಗುವಾಗ, ಗುಜರಿಯವನಿಗೆ ಪತ್ತನಾಜೆಯ ದಿನ ಬರಲು ಹೇಳಿಯಾಗಿದೆ ಎಂದು ಮಾತ್ರ ನೆನಪಿಸಿದರು. ಉಳಿದದ್ದು ಹನ್ನೆರಡು ದಿನ.

ಹತ್ತೊಂಬತ್ತರ ಕಾರಿನ ಟಯರು ಮಂಗಳೂರಿನಲ್ಲಿಲ್ಲ ಎಂದು ಉತ್ತರ ಬಂತು. ಮೋಟಾರು ಸೈಕಲ್ಲಿನದು ಉಂಟು, ಬೇಕಾದರೆ ಕಳುಹಿಸುತ್ತೇವೆ ಎಂದೂ ಬರೆದಿದ್ದರು. ಚಿಕ್ಕಮ್ಮ ಆ ಕಾಗದ ಹಿಡಿದು ಹಸನಬ್ಬರ ಅಂಗಡಿಗೆ ಓಡಿದಳು. ನಾನೂ ಹಿಂದೆಯೇ ಓಡಿದೆ.

"ಒಟ್ಟೆ ಸರಿಯಾಗಿ ಕೂರ್ತದೆ ಲೀಲಕ್ಕ," ಎಂದರು ಹಸನಬ್ಬ. "ಆದರೆ ಟಯರಿಗೆ ಎರಡು ಲೆಕ್ಕ ಉಂಟು. ಒಂದು ಒಟ್ಟೆಯದ್ದು, ಒಂದು ಮೈಯದ್ದು. ಇದರ ಮೈ ಸಪೂರ. ಕಾರಿನ ಭಾರಕ್ಕೆ ತಿರುವಿನಲ್ಲಿ ಕಳಚಿಕೊಂಡರೆ, ಹೆರುವವಳ ಹತ್ತಿರ ಆಮೇಲೆ ಯಾರು ಹೋಗುವುದು?"

"ಹಾಗಾದರೆ ಎಲ್ಲಿಂದಾದರೂ ದಪ್ಪದ್ದು ತಂದು ಹಾಕುವ."

"ಜಾಸ್ತಿ ದಪ್ಪ ಆದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ನಿಮ್ಮ ರಿಮ್ಮಿಗೆ ನಾಲ್ಕೂವರೆ ಇಂಚು ಸರಿ. ಐದಕ್ಕಿಂತ ಒಳಗೆ ಇರಬೇಕು. ಸಿಗ್ತದೆ ಅಕ್ಕ, ನಾನು ಕೇಳ್ತೇನೆ."

ಅವರು ಕೇಳಿದ್ದು ಪತ್ರ ಬರೆದಲ್ಲ. ಅಂಗಡಿಯ ಮುಂದೆ ನಿಲ್ಲುವ ಪ್ರತಿಯೊಂದು ಬಸ್ಸಿನ, ಲಾರಿಯ ಡ್ರೈವರನಿಗೂ, ತಂತಿ ಚಕ್ರದ ಹಳೆಯ ಕಾರು ಎಲ್ಲಾದರೂ ಮಲಗಿದೆಯೇ ಎಂದು ವಿಚಾರಿಸಿದರು. ಆರನೆಯ ದಿನ ಸಿದ್ಧಕಟ್ಟೆಯ ದಾರಿಯ ಬಸ್ಸಿನ ಡ್ರೈವರ್ ಸುದ್ದಿ ತಂದ. ಬಂಟ್ವಾಳದ ಒಂದು ಅಕ್ಕಿ ಮಿಲ್ಲಿನ ಶೆಡ್ಡಿನಲ್ಲಿ ಹಳೆಯ ಅಮೆರಿಕನ್ ಕಾರು ಉಂಟು ಎಂದು.

ಮರುದಿನ ಬೆಳಗ್ಗೆ, ಬದಲಿಗೆ ಕೊಡಲಾದೀತೆಂದು, ನಮ್ಮಲ್ಲಿ ಉಳಿದಿದ್ದ ಹದಿನಾರರ ನಾಲ್ಕು ಟಯರುಗಳನ್ನು ಬಸ್ಸಿನ ಟಾಪಿಗೆ ಹೇರಿ ಚಿಕ್ಕಮ್ಮ, ಹಸನಬ್ಬ, ನಾನು ಹೊರಟೆವು. ಬಂಟ್ವಾಳದ ಹೋಟೆಲಿನಲ್ಲಿ ಚಿಕ್ಕಮ್ಮ ನನಗೆ ಗೋಳಿಬಜೆ ಕೊಡಿಸಿದಳು. ತಾನು ಚಹಾವನ್ನೂ ಪೂರ್ತಿ ಕುಡಿಯಲಿಲ್ಲ. ಮಿಲ್ಲು ನೇತ್ರಾವತಿಯ ದಡದಲ್ಲಿತ್ತು. ಬೇಯುವ ಭತ್ತದ ಹಬೆ ಅಂಗಳದ ತುಂಬ. ಧಣಿಗಳು ವಯಸ್ಸಾದ ಕೊಂಕಣಿಗರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡಿಸಿದ ಕಾರನ್ನು ಮಾರಲು ಮನಸ್ಸಾಗದೆ, ಟಯರು ನೆಲ ಮುಟ್ಟದಂತೆ ಮುರಕಲ್ಲುಗಳ ಮೇಲೆ ನಿಲ್ಲಿಸಿ, ಗೋಣಿ ಹೊದಿಸಿ ಇಟ್ಟಿದ್ದರು. ಹಸನಬ್ಬರು ಗೋಣಿ ಸರಿಸಿ ಬದಿಯ ಧೂಳು ಒರೆಸಿದರು. ಅಂಕಿ ಸ್ಪಷ್ಟವಾಗಿತ್ತು. ಮೈ ನಾಲ್ಕು ಮುಕ್ಕಾಲು, ಒಟ್ಟೆ ಹತ್ತೊಂಬತ್ತು.

ಒಂದನ್ನು ಬಿಚ್ಚಿ ನೆಲಕ್ಕೆ ಹಾಕಿದಾಗ ನಾನು ಸ್ಕೇಲು ಹಿಡಿದು ಹಿಂಜರಿದೆ. ಅಂಕಿ ಕಾಣುತ್ತಿರುವಾಗ ಅಳೆದರೆ ನಗುತ್ತಾರೆಂದು ನಾಚಿಕೆ.

"ಅಳೆ ಮಗಾ," ಎಂದಳು ಚಿಕ್ಕಮ್ಮ. "ಇನ್ನೊಬ್ಬರ ಅಂಕಿ ನಂಬಿ ಒಮ್ಮೆ ಪೆಟ್ಟು ತಿಂದದ್ದು ಸಾಕು."

ಹತ್ತೊಂಬತ್ತೇ ಇತ್ತು. ಸ್ಟೆಪ್ನಿ ಸೇರಿ ಐದು ಟಯರು. ಹಸನಬ್ಬರು ಒಂದೊಂದನ್ನೂ ಮಡಚಿ, ಉಗುರು ಒತ್ತಿ, ಮೂಸಿ ನೋಡಿ ಒಂದನ್ನು ಬದಿಗಿಟ್ಟರು. ಧಣಿಗಳ ಜೀಪಿನ ಟಯರು ಬೋಳಾಗಿ ತಿಂಗಳಾಗಿತ್ತು. ನಾವು ತಂದ ನಾಲ್ಕನ್ನು ನೋಡಿ ಅವರಿಗೂ ಸಮಾಧಾನವಾಯಿತು. ನಾಲ್ಕಕ್ಕೆ ನಾಲ್ಕು, ಟ್ಯೂಬು ಸಮೇತ ಬದಲಾಯಿತು. ನಮ್ಮ ತಪ್ಪು ಅವರಿಗೆ ಸರಿಯಾದ ಅಳತೆಯಾಗಿತ್ತು.

ಟಯರು ಕೂರಿಸಿದ ದಿನ ಹಸನಬ್ಬರು ಮಡ್‌ಗಾರ್ಡಿನ ಒಳಬದಿಗೆ ಒಂದು ಬೆರಳು ದಪ್ಪದ ಹಸಿ ಮಣ್ಣು ಮೆತ್ತಿ, ನನ್ನನ್ನು ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಲು ಹೇಳಿದರು. ಬಲಬದಿಯ ಮಣ್ಣು ಹಾಗೆಯೇ ಇತ್ತು. ಎಡಬದಿಯ ಮಣ್ಣಿನಲ್ಲಿ ಒಂದು ಸಣ್ಣ ಗೀರು ಬಿದ್ದಿತ್ತು. ಅಷ್ಟರಲ್ಲಿ, ವಾರದಿಂದ ನಮ್ಮ ಕಡೆ ತಲೆ ಹಾಕದಿದ್ದ ಬಾಬು ಆಚಾರಿ ಮರದ ಕೊಡತಿಯೊಂದಿಗೆ ಬಂದರು. ಬಣ್ಣ ಏಳದಂತೆ ತಗಡಿನ ಅಂಚನ್ನು ತಟ್ಟಿ ತಟ್ಟಿ ಎತ್ತಿದರು. ಮತ್ತೆ ಮಣ್ಣು ಮೆತ್ತಿದಾಗ ಗೀರು ಬೀಳಲಿಲ್ಲ. ಹೋಗುವಾಗ ಅವರು ನನ್ನ ಕೈಗೆ ಹೊಸದಾಗಿ ಹೆರೆದ ಒಂದು ಹಲಸಿನ ಕೋಲು ಕೊಟ್ಟರು. ಒಂದು ಮುಖದಲ್ಲಿ ಅವರ ಅಪ್ಪನ ಕೋಲಿನ ಗೆರೆಗಳು. ಇನ್ನೊಂದು ಮುಖದಲ್ಲಿ ಇಂಚು. ಅಂದು ಜಗಲಿಯ ಮೇಲಿದ್ದ ನನ್ನ ಸ್ಕೇಲಿನಿಂದ ಗುರುತು ಹಾಕಿಕೊಂಡು ಹೋಗಿ ಕೊರೆದದ್ದು.

"ಇನ್ನು ಯಾರು ಕೇಳಿದರೂ ಎರಡೂ ಬದಿ ನೋಡಿ ಹೇಳು," ಎಂದರು.

ಪತ್ತನಾಜೆಯ ಮಧ್ಯಾಹ್ನ ಗುಜರಿಯವನ ಲಾರಿ ಅಂಗಳಕ್ಕೆ ಬಂದಾಗ ಕೊಟ್ಟಿಗೆ ಖಾಲಿಯಿತ್ತು. ಚಿಕ್ಕಮ್ಮ ಬೆಳುವಾಯಿಯವರೆಗೆ ಹೋಗಿ ಹಿಂತಿರುಗಿ ಬರುತ್ತಿದ್ದಳು. ಆ ಸದ್ದನ್ನು ನಾವೆಲ್ಲ ಮೊದಲ ಬಾರಿ ದೂರದಿಂದ ಗುರುತಿಸಿದೆವು. ಗುಜರಿಯವನು ಹರಿದ ಹಳೆಯ ಟಯರುಗಳನ್ನು ಹೇರಿಕೊಂಡು ಹೋದ. ಮಾವ ಜಗಲಿಯಿಂದ ಇಳಿದು ಕಾರಿಗೆ ಒಂದು ಸುತ್ತು ಬಂದರು.

"ಬ್ರೇಕು ಹಿಡಿಯುತ್ತದಾ?"

"ಹಿಡಿಯುತ್ತದೆ ಅಣ್ಣ."

"ಹಾಗಾದರೆ ತೋಡಾರಿನವರೆಗೆ ಹೋಗಿ ಬರುವ. ನಿಧಾನ."

ಅವರು ಮುಂಡನ್ನು ಒತ್ತಿಹಿಡಿದು ಎರಡನೆಯ ಸೀಟಿನಲ್ಲಿ ಕುಳಿತರು. ಆ ಮಳೆಗಾಲದ ಬೈಹುಲ್ಲನ್ನು ಅವರೇ ನಿಂತು ಅಟ್ಟಕ್ಕೆ ಏರಿಸಿದರು. ಸಂಚಿಕೆಯಲ್ಲಿ ಅವರ ಹೆಸರು ಬರಬೇಕಾದದ್ದು ಆ ಹುಲ್ಲಿನ ವಿಷಯಕ್ಕೆ; ಅದು ಬರಲಿಲ್ಲ.

ಚಿಕ್ಕಮ್ಮ ಆ ಕಾರನ್ನು ಹಲವು ಮಳೆಗಾಲ ಓಡಿಸಿದಳು. ಅವಳು ಸಮಯಕ್ಕೆ ತಲುಪಿದ್ದರಿಂದ ಹುಟ್ಟಿದವರು ಇಂದು ಅಜ್ಜ ಅಜ್ಜಿಯರಾಗಿ ಇದೇ ಊರಿನಲ್ಲಿದ್ದಾರೆ, ತಮ್ಮ ಹುಟ್ಟಿನ ಕಥೆಯನ್ನು ತಪ್ಪಾಗಿ ಹೇಳುತ್ತಿರುತ್ತಾರೆ. ಕಾರು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆಂಗಳೂರಿನಲ್ಲಿ ಯಾರದೋ ಸಂಗ್ರಹದಲ್ಲಿದೆ ಎನ್ನುತ್ತಾರೆ. ನೋಡುವ ತನಕ ನಾನು ನಂಬುವುದಿಲ್ಲ. ಈಗ ಟಯರಿನ ಅಳತೆ ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ಸಿಗಲಿ, ಒಳ್ಳೆಯದೇ; ಇನ್ನೊಬ್ಬಳು ಚಿಕ್ಕಮ್ಮನಿಗೆ ಹನ್ನೆರಡು ದಿನ ಉಳಿಯುತ್ತದೆ. ಆದರೆ ತಾನು ತಪ್ಪಿದ್ದು ತಿಳಿದ ಮೇಲೆ ಮನೆಗೆ ಹೋಗಿ, ಒಂದು ವಾರ ಕುಳಿತು, ಎದುರಿನವಳ ಅಳತೆಯನ್ನೂ ತನ್ನ ಕೋಲಿನ ಬೆನ್ನಿಗೆ ಕೊರೆದು ತಂದುಕೊಡುವ ಮನುಷ್ಯರನ್ನು ನಾನು ಆಮೇಲೆ ಬಹಳ ಕಂಡಿಲ್ಲ.

ಆ ಕೋಲು ನನ್ನ ಬಳಿ ಇದೆ. ಇದನ್ನು ಬರೆಯುವ ಮೊದಲು ನನ್ನ ನೆನಪನ್ನೇ ಸಂಶಯಿಸಿ, ತಂಗಿಯ ಮೊಮ್ಮಗಳ ಕೈಯಲ್ಲಿ ಟೇಪು ಕೊಟ್ಟು ಅಳೆಸಿದೆ. ಹದಿನಾರು ಗೆರೆಗಳು ಹತ್ತೊಂಬತ್ತು ಇಂಚಿಗೆ ಒಂದು ಕೂದಲೆಳೆ ಕಡಿಮೆ ಬಂದವು. ಅವಳು ಟೇಪನ್ನು ಸುತ್ತಲಿಲ್ಲ. ಕೋಲನ್ನು ಮಗುಚಿ ಇಟ್ಟು, "ಅಜ್ಜಿ, ಇನ್ನೊಮ್ಮೆ ನೋಡುವ," ಎಂದಳು.