ಪದ್ಮಾ ಆಂಟಿಯ ಕುಂಕುಮ

ಪದ್ಮಾ ಆಂಟಿ, ನಿಮ್ಮ ಕುಂಕುಮದಲ್ಲಿ ಬಟ್ಟೆಯ ಬಣ್ಣ ಇರಲಿಲ್ಲ. ಅದು ನನಗೆ ಮರುದಿನವೇ ಗೊತ್ತಾಗಿತ್ತು — ಏಳು ವರ್ಷ ಮುಚ್ಚಿಟ್ಟೆ.

ಅಮೆರಿಕದ ಈ ಜರ್ಸಿ ಸಿಟಿಯಲ್ಲಿ ಆಗ ಒಳ್ಳೆಯ ಕುಂಕುಮ ಸಿಗುತ್ತಿರಲಿಲ್ಲ. ಮನೆಯಲ್ಲೇ ಮಾಡಿ ಎಲ್ಲರಿಗೂ ಹಂಚುತ್ತಿದ್ದವರು ನೀವು. ಸುಮಿತ್ರಾ ಆಂಟಿಯ ಮಗಳ ಹಣೆಯಲ್ಲಿ ಗುಳ್ಳೆ ಎದ್ದಾಗ, "ಮನೇಲಿ ಮಾಡಿದ್ದು ಅಂದ್ರೆ ನಂಬಬೇಕಾ? ಪ್ರೂಫ್ ಎಲ್ಲಿ?" ಎಂದು ವಾದಕ್ಕಿಳಿದವನು ನಾನು — ಕೆಮಿಸ್ಟ್ರಿ ವಿದ್ಯಾರ್ಥಿ, ಚರ್ಚಾಸ್ಪರ್ಧೆಗಳಲ್ಲಿ ಸೋತು ಗೊತ್ತಿಲ್ಲದವನು.

ಲ್ಯಾಬಿನಲ್ಲಿ ಎರಡು ಫಿಲ್ಟರ್ ಪೇಪರ್ ಪಟ್ಟಿಗಳ ಬುಡದಲ್ಲಿ ಗೆರೆ ಎಳೆದೆ. ಒಂದರ ಮೇಲೆ ನಿಮ್ಮ ಕುಂಕುಮದ ಚುಕ್ಕೆ, ಹೋಲಿಸಿ ನೋಡಲು ಇನ್ನೊಂದರ ಮೇಲೆ ಬರೀ ಅರಿಶಿನದ ಚುಕ್ಕೆ. ತುದಿಯನ್ನು ಆಲ್ಕೋಹಾಲಿಗೆ ತಾಗಿಸಿ ತೂಗುಹಾಕಿದೆ. ಕಾಗದದಲ್ಲಿ ಮೇಲೇರುವ ಆಲ್ಕೋಹಾಲು ಬಣ್ಣಗಳನ್ನೂ ಒಯ್ಯುತ್ತದೆ. ಕಾಗದಕ್ಕೆ ಹೆಚ್ಚು ಅಂಟುವುದು ಹಿಂದುಳಿಯುತ್ತದೆ, ಅಂಟದ್ದು ಮುಂದೋಡುತ್ತದೆ. ಬೆರೆತದ್ದು ಬೇರೆಯಾಗುತ್ತದೆ. ಗೊತ್ತಿರುವ ಬಣ್ಣ ಎಷ್ಟು ಎತ್ತರಕ್ಕೇರಿತೆಂದು ಹೋಲಿಸದೆ ಯಾವ ಕಲೆಗೂ ಹೆಸರಿಡಬಾರದು. ನಾನು ಇಟ್ಟೆ. ಕುಂಕುಮದ ಪಟ್ಟಿಯಲ್ಲಿ ಹಳದಿಯ ಜೊತೆ ಗುಲಾಬಿ ಕಂಡದ್ದೇ — ಇನ್ನೊಂದರಲ್ಲಿ ಬಣ್ಣ ಪೂರ್ತಿ ಏರುವವರೆಗೂ ಕಾಯದೆ — ನಿಮ್ಮ ಮನೆಯ ಗೌರಿಹಬ್ಬಕ್ಕೆ ಓಡಿಬಂದೆ.

"ಪೇಪರ್ ಹೇಳ್ತಿದೆ ಆಂಟಿ, ನಾನಲ್ಲ. ಇದು ಬಟ್ಟೆ ಬಣ್ಣ."

"ಶುರು ಹಚ್ಕೊಂಡ್ರು ನೋಡಿ, ಲಾಯರ್ ಸಾಹೇಬ್ರು!" ಯಾರೋ ನಕ್ಕರು.

ನೀವು ನಗಲಿಲ್ಲ. "ನಿಂಬೆಹಣ್ಣು ಹಿಂಡಿದ ಕೈ ಕಣೋ ಇದು, ಇನ್ನೂ ಉರೀತಿದೆ."

ಹೊರಟವರಿಗೆ ನೀವು ಕುಂಕುಮದ ಭರಣಿ ಹಿಡಿದಿರಿ. ಸುಮಿತ್ರಾ ಆಂಟಿ ಹಣೆಯನ್ನು ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ಉಳಿದವರೂ.

ಮರುದಿನ ಅರಿಶಿನದ ಪಟ್ಟಿ ಒಣಗಿ ನೇತಾಡುತ್ತಿತ್ತು. ಅದರಲ್ಲೂ ಗುಲಾಬಿ — ಅದೇ ಎತ್ತರದಲ್ಲಿ. ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಬೇಕಿತ್ತು. ನಾನು ಎಳೆದದ್ದು ಕೆಂಪು ಬಾಲ್‌ಪೆನ್ನಿನಲ್ಲಿ. ಆಲ್ಕೋಹಾಲಿನಲ್ಲಿ ಕರಗಿ ಏರಿದ್ದು ನನ್ನದೇ ಶಾಯಿ. ಯಾರಾದರೂ ಬರುವ ಮೊದಲು ಪಟ್ಟಿಯನ್ನು ಹರಿದು ಹಾಕಿದೆ.

ಅಂದಿನಿಂದ ಫೋನ್ ರಿಂಗಾದರೆ ಬೆಚ್ಚುತ್ತಿದ್ದೆ. ಪ್ರೊಫೆಸರಿಗೆ ತಿಳಿದರೆ, ವೀಸಾ ಹೋದರೆ — ಎಂದೆಲ್ಲ ನನಗೆ ನಾನೇ ವಾದ ಮಂಡಿಸಿದೆ. ಸುಳ್ಳು. 'ತಪ್ಪು ನನ್ನದು' ಎನ್ನುವ ಗಳಿಗೆಗೆ, ಆಗ ನನ್ನತ್ತ ತಿರುಗುವ ಎಲ್ಲರ ಮುಖಗಳಿಗೆ ಹೆದರಿದ್ದೆ. ಈಗಲೂ —

ನೀವು ಮತ್ತೆ ಯಾರನ್ನೂ ಹಬ್ಬಕ್ಕೆ ಕರೆಯಲಿಲ್ಲ. ನಿಮ್ಮನ್ನೂ ಯಾರೂ ಕರೆಯಲಿಲ್ಲ. ನನ್ನನ್ನು ಎಲ್ಲರೂ ಕರೆದರು, ಹೋದೆ, ಉಂಡೆ.

ನಾಳೆ ಎಲ್ಲರೂ ಸುಮಿತ್ರಾ ಆಂಟಿಯ ಮನೆಯಲ್ಲಿ ಸೇರುತ್ತಾರೆ. ಎದ್ದುನಿಂತು ಇದನ್ನೇ ಹೇಳುತ್ತೇನೆ. ಕೇಳಲು ನೀವು ಅಲ್ಲಿರುವುದಿಲ್ಲ — ನಿಮ್ಮನ್ನು ಕರೆದಿಲ್ಲ.