ಅಣ್ಣನ ಅಂಗಿ ಕೇಳಲು ಬಂದವನು

ಅಣ್ಣನನ್ನು ಮಣ್ಣು ಮಾಡಿದ ಮೂರನೇ ದಿನ ಟಿಕೋಟಾದ ನಮ್ಮ ಮನೆ ಮುಂದೆ ಜೀಪು ಬಂದು ನಿಂತಿತು. ಇಳಿದವನು ಪುಣೆಯ ರೇಸ್ ಕುದುರೆ ಲಾಯದ ಮ್ಯಾನೇಜರ, ವಿಜಾಪುರದವನೇ. ಅದು ಅರವತ್ತರ ದಶಕ; ಅಣ್ಣ, ನಾನು ಇಬ್ಬರೂ ಅವನ ಕೈಕೆಳಗೆ ಕುದುರೆಗಳ ಮೈ ತಿಕ್ಕುವ, ಮೇವು ಹಾಕುವ ಕೆಲಸಕ್ಕಿದ್ದೆವು. ಸಾವಿನ ಮನೆಯವರನ್ನು ಮಾತಾಡಿಸಲು ಬಂದಿದ್ದಾನೆಂದು ಅವ್ವ ಚಾಪೆ ಹಾಸಿದಳು. ಅವನು ಕೂಡಲಿಲ್ಲ.

“ನಿಮ್ಮಣ್ಣನ ಕುದರಿ ಕಾಳು ಮುಟ್ಟವಲ್ದು, ಯಾರನ್ನೂ ಹತ್ರ ಬಿಡವಲ್ದು. ರೇಸ್ ಬಂತು. ಅವ ತೊಟ್ಟ ಅಂಗಿ, ಒಗೀಲಾರದ್ದು, ಇದ್ರ ಕೊಡಪಾ. ಹೊಸ ಆಳಿಗೆ ಹಾಕಿ ನೋಡ್ತೀವಿ,” ಎಂದ.

ನನ್ನ ಮೈ ಉರಿಯಿತು. ಆ ಕುದುರೆಗೆ ತಂತಿ ಗೀರಿದರೂ ಇವನು ಡಾಕ್ಟರನ್ನು ಕರೆಸಿ ಸೂಜಿ ಹಾಕಿಸುತ್ತಿದ್ದ. ಲಾಳದ ಮೊಳೆ ಅಣ್ಣನ ಅಂಗಾಲಿಗೆ ನೆಟ್ಟಾಗ ಮಾತ್ರ “ಅರಿಷಿಣ ಹಚ್ಕೊ” ಎಂದಷ್ಟೇ ಹೇಳಿ ಹೋಗಿದ್ದ. ಧನುರ್ವಾಯು ಹತ್ತಿ ಹಲ್ಲು ಕಚ್ಚಿದ ಅಣ್ಣನನ್ನು ನಾನೊಬ್ಬನೇ ರೈಲಿನಲ್ಲಿ ಊರಿಗೆ ತಂದಿದ್ದೆ.

“ಅವಗ ಒಂದು ಸೂಜಿ ಹಾಕ್ಸಾಕ ಆಗ್ಲಿಲ್ಲ, ಈಗ ಅಂಗಿ ಬೇಕೇನಲೇ?” ಎಂದು ಅವನ ಮೇಲೆ ಏರಿ ಹೋದೆ. ಅವ್ವ ನಡುವೆ ಬಂದಳು. ತನ್ನ ತಲೆದಿಂಬಿನ ಕೆಳಗೆ ಒಗೆಯದೆ ಇಟ್ಟುಕೊಂಡಿದ್ದ ಅಣ್ಣನ ಅಂಗಿಯನ್ನು ತಂದು ಅವನ ಕೈಗೆ ಕೊಟ್ಟು, “ಒಯ್ರಿ ಯಪ್ಪಾ, ಆ ಮೂಕ ಪ್ರಾಣಿ ಉಪಾಸ ಬಿದ್ರ ನನ್ನ ಮಗಗ ಸೇರೂದಿಲ್ಲ,” ಎಂದಳು. ಅವನು ಅದನ್ನು ಹಳೆ ಪೇಪರಿನಲ್ಲಿ ಸುತ್ತಿಕೊಂಡು ಹೋದ. ಅಣ್ಣ ಹೇಗೆ ಸತ್ತ ಎಂದು ಕೇಳಲೂ ಇಲ್ಲ.

ನಾನು ಮತ್ತೆ ಆ ಲಾಯಕ್ಕೆ ಹೋಗಲಿಲ್ಲ. ಕುದುರೆ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಂದು ಸಂಜೆ ಅವ್ವ ಅಣ್ಣ ಹೊದೆಯುತ್ತಿದ್ದ ಕೌದಿ ತೆಗೆದು ಮೂಸಿ ನೋಡಿದಳು. ನೆರೆಯವರು ಅದನ್ನು ಆಗಲೇ ಒಗೆದುಬಿಟ್ಟಿದ್ದರು.