ಪಕ್ಕದ ಮನೆಯ ಅಣ್ಣ, ಅವರಮ್ಮನ ಓಟು

ಜಪಾನಿನ ಈ ಕಾವಾಸಾಕಿ ಊರಿನ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಕಡೆಯ ಸಾಮಾನು ಸಿಗುವ ಪುಟ್ಟ ಅಂಗಡಿಯೊಂದಿದೆ. ಕಳೆದ ಭಾನುವಾರ ಕರಿಬೇವು ಹುಡುಕಿಕೊಂಡು ಹೋದವಳ ಕಣ್ಣಿಗೆ ಬಿದ್ದದ್ದು ಪಾಂಡನ್ ಎಲೆಯ ಕಟ್ಟು. ಮೂಗಿಗೆ ಹಿಡಿದೆ. ಸಣ್ಣಕ್ಕಿ ಅನ್ನ ಬೇಯುವಾಗಿನ ಘಮ... ಪಕ್ಕದ ಮನೆಯ ಅಣ್ಣ ಬಾಗಿಲು ತೆರೆದ ಹಾಗಾಯಿತು. ಕರಿಬೇವು ಮರೆತು ಆ ಎಲೆಯನ್ನೇ ಕೊಂಡು ತಂದೆ.

ಅವರು ಮಲೇಷ್ಯಾದವರು. ಮುತ್ತಾತ ರಬ್ಬರ್ ತೋಟದ ಕೂಲಿಗೆಂದು ತಮಿಳುನಾಡಿನಿಂದ ಹೋದವರಂತೆ. ಅಣ್ಣ ಎಂಜಿನಿಯರ್ ಆಗಿ ಇಲ್ಲಿನ ಕಾರ್ಖಾನೆಯೊಂದನ್ನು ಸೇರಿದ್ದರು, ಮದುವೆಯಾಗಿರಲಿಲ್ಲ. ಅವರದು ಮಲಯ್ ಬೆರೆತ ತಮಿಳು, ನನ್ನದು ಬೆಂಗಳೂರಿನ ವಠಾರದಲ್ಲಿ ಕಲಿತ ಹರಕು ತಮಿಳು. ನನ್ನನ್ನು ತಂಗಚ್ಚಿ ಎನ್ನುತ್ತಿದ್ದರು. ತೆಂಗಿನಹಾಲಿಗೆ ಪಾಂಡನ್ ಹಾಕಿ ಅನ್ನ ಮಾಡಿದ ದಿನ ನಮಗೂ ಒಂದು ಡಬ್ಬಿ ಬರುತ್ತಿತ್ತು. ನಾವು ಮೀನು ತಿನ್ನುವುದಿಲ್ಲವೆಂದು ನಮ್ಮ ಪಾಲಿನ ಚಟ್ನಿಯನ್ನು ಒಣಮೀನು ಹಾಕದೆ ಬೇರೆಯಾಗಿಯೇ ಅರೆಯುತ್ತಿದ್ದರು.

ಅವರಮ್ಮ ಹುಟ್ಟಿದ್ದು ಆ ತೋಟದ ಲೈನ್‌ಮನೆಯಲ್ಲೇ. ಹುಟ್ಟಿದ್ದನ್ನು ಯಾರೂ ಎಲ್ಲಿಯೂ ಬರೆಸಿರಲಿಲ್ಲ. ಹಾಗಾಗಿ ಹುಟ್ಟಿದ ನೆಲದಲ್ಲೇ ಪರದೇಶಿ. ಪ್ರಜೆಗಳಿಗೆ ನೀಲಿ ಕಾರ್ಡು, ಅವರಿಗೆ ಕೆಂಪು ಕಾರ್ಡು, ಓಟಿಲ್ಲ. ಅಪ್ಪನ ಕಡೆಯಿಂದ ಮಕ್ಕಳಿಗೆ ಮಾತ್ರ ನೀಲಿ ಸಿಕ್ಕಿತ್ತು. ಪೌರತ್ವ ಕೇಳಿಕೊಂಡು ಹೋದರೆ ಮಲಯ್ ಭಾಷೆಯಲ್ಲಿ ಪ್ರಶ್ನೆ ಹಾಕುತ್ತಾರೆ. ತೋಟದ ತಮಿಳು ಬಿಟ್ಟು ಬೇರೆ ಮಾತಿನ ರೂಢಿಯಿಲ್ಲದ ಆ ತಾಯಿ ಆಫೀಸರ ಮುಂದೆ ಬಾಯಿ ಕಟ್ಟಿದವರಂತೆ ಕೂತುಬಿಡುತ್ತಿದ್ದರು. ಅದಕ್ಕೇ ಸಂಜೆ ಕೆಲಸದಿಂದ ಬಂದ ಅಣ್ಣ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಅಮ್ಮನಿಗೆ ಮಲಯ್ ಪಾಠ ಹೇಳುತ್ತಿದ್ದರು. ಬಟ್ಟೆ ಒಣಹಾಕುತ್ತ ನಾನೂ ಕೇಳಿಸಿಕೊಳ್ಳುತ್ತಿದ್ದೆ. ಅಮ್ಮ ತಪ್ಪಿದರೆ ಮಗ ರೇಗುವುದು, ಆಮೇಲೆ ಊಟ ಆಯಿತಾ ಎಂದು ಸಮಾಧಾನ ಮಾಡುವುದು...

ಅವರ ದೇಶದಲ್ಲಿ ಸುಧಾರಣೆ ತರುತ್ತೇವೆಂದ ಮೈತ್ರಿಕೂಟವೆಂದರೆ ಅಣ್ಣನಿಗೆ ಪ್ರಾಣ. ಮಲಯ್, ಚೀನೀ, ತಮಿಳು ಎಲ್ಲರೂ ಇದ್ದ ಕೂಟ ಅದು. ಒಮ್ಮೆ ಗೆದ್ದು, ಒಳಗಿನವರೇ ಪಕ್ಷ ಹಾರಿ, ಸರ್ಕಾರ ಬಿದ್ದೂ ಹೋಗಿತ್ತು.

"ನಮ್ ಕಡೆ ಎಂಎಲ್ಎಗಳನ್ನ ರೆಸಾರ್ಟಲ್ಲಿ ಕೂಡಿಹಾಕ್ತಾರೆ ಅಣ್ಣ," ಎಂದು ಕಾಲೆಳೆದೆ.

"ನಮ್ಮಲ್ಲಿ ಸರ್ಕಾರ ಬೀಳಿಸೋಕೆ ಹೋಟೆಲಲ್ಲಿ ಒಂದು ಊಟ ಸಾಕು," ಎಂದರು.

ಪಕ್ಷ ಹಾರುವವರನ್ನು ಅಲ್ಲಿ ಕಪ್ಪೆ ಎನ್ನುತ್ತಾರಂತೆ. ತಕ್ಕಡಿಯಲ್ಲಿ ಕಪ್ಪೆ ತೂಗುವ ನಮ್ಮ ಮಾತನ್ನು ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮತ್ತೆ ಚುನಾವಣೆ ಬಂತು. ಅಂಚೆಯ ಮತಪತ್ರ ಇಲ್ಲಿಗೆ ಬಂದಿದ್ದೇ ತಡವಾಗಿ, ವಾಪಸ್ ಅಂಚೆಗೆ ಹಾಕಿದರೆ ಎಣಿಕೆಗೆ ಮುಟ್ಟುವ ಹಾಗಿರಲಿಲ್ಲ. ಇಂಥ ಹೊತ್ತಿಗೆಂದೇ ಅವರದೊಂದು ರೂಢಿ. ಊರಿಗೆ ಹೊರಟವರು ಯಾರಾದರೂ ಸರಿ, ಎಲ್ಲರ ಲಕೋಟೆಗಳನ್ನೂ ವಿಮಾನದಲ್ಲಿ ಒಯ್ಯುವುದು, ಅಲ್ಲಿ ಕಾದ ಇನ್ಯಾರೋ ಅವನ್ನು ಊರೂರಿಗೆ ಮುಟ್ಟಿಸುವುದು. ಹನೇದಾ ವಿಮಾನ ನಿಲ್ದಾಣಕ್ಕೆ ನಾನೂ ಜೊತೆಗೆ ಹೋದೆ. ತಲೆಗೆ ಸ್ಕಾರ್ಫ್ ಕಟ್ಟಿದ ಮಲಯ್ ವಿದ್ಯಾರ್ಥಿನಿಯೊಬ್ಬಳು ಬ್ಯಾಗು ತೆರೆದುಕೊಂಡು ನಿಂತಿದ್ದಳು. ಅಣ್ಣ ಲಕೋಟೆ ಕೊಟ್ಟು, ಇಲ್ಲಿನವರ ಹಾಗೇ ಸೊಂಟ ಬಗ್ಗಿಸಿ ವಂದಿಸಿದರು.

"ಗುರುತಿಲ್ಲ, ಪರಿಚಯವಿಲ್ಲ. ಅವಳು ಯಾವ ಪಕ್ಷವೋ ಏನೋ," ಎಂದೆ.

"ಯಾವ ಪಕ್ಷ ಆದ್ರೂ ತಲುಪಿಸ್ತಾಳೆ ತಂಗಚ್ಚಿ," ಎಂದರು.

ಯಾರಿಗೂ ಬಹುಮತ ಬರಲಿಲ್ಲ. ಕೊನೆಗೆ ಸುಧಾರಣೆಯವರು ತಾವು ಅಷ್ಟು ವರ್ಷ ಬೈದುಕೊಂಡು ಬಂದ ಹಳೆಯ ಆಳುವ ಪಕ್ಷದ ಜೊತೆಗೇ ಕೈ ಜೋಡಿಸಿದರು. ಅಮ್ಮನನ್ನು ಕೆಂಪು ಕಾರ್ಡಿನಲ್ಲಿ ಕೂರಿಸಿದ್ದೇ ಆ ಪಕ್ಷದ ಆಡಳಿತ. ಅಣ್ಣ ಕೂಗಾಡುತ್ತಾರೆ ಅಂದುಕೊಂಡು ಹೋದರೆ ಅವರು ಸುಮ್ಮನೆ ಅಕ್ಕಿ ತೊಳೆಯುತ್ತಿದ್ದರು.

"ವೈರಿ ಜೊತೆ ಕೂರಬೇಕಾದ್ರೆ ಕೂರ್ಲಿ. ಸರ್ಕಾರ ನಿಂತ್ರೆ ತಾನೆ ಅಮ್ಮನ ಕಾರ್ಡ್ ಬಣ್ಣ ಬದಲಾಗೋದು?"

ಅಮ್ಮ ಒಪ್ಪಲಿಲ್ಲ. ಆ ಸಂಜೆ ಬಾಲ್ಕನಿಯಲ್ಲಿ ಪಾಠದ ಬದಲು ತಾಯಿ ಮಗನ ಜಗಳವೇ ನಡೆಯಿತು. ಮಾರನೆಯ ಸಂಜೆಯೂ...

ಬಣ್ಣ ಬದಲಾಗುವುದನ್ನು ನೋಡಲು ಅಣ್ಣ ಉಳಿಯಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಸ್ಟೇಷನ್ನಿಗೆ ನಡೆಯುತ್ತಿದ್ದಾಗಲೇ ಹೃದಯಾಘಾತವಾಯಿತು. ಅವರ ತಂಗಿ ಬಂದು ಬೂದಿಯನ್ನು ಊರಿಗೆ ಒಯ್ದರು. ಈ ದೇಶದಲ್ಲಿ ನನಗೆ ತವರಿನವರೆಂದು ಇದ್ದದ್ದು ಅವರೊಬ್ಬರೇ. ಪಕ್ಕದ ಮನೆಗೆ ಬೇರೆಯವರು ಬಂದರೂ ಬಹಳ ದಿನ ಆ ಕಡೆ ತಿರುಗಿ ನೋಡಲು ಮನಸ್ಸಾಗಲಿಲ್ಲ.

ಕಳೆದ ಭಾನುವಾರ ಅಂಗಡಿಯಿಂದ ಬಂದು ಅನ್ನಕ್ಕೆ ಪಾಂಡನ್ ಹಾಕಿ, ತಡೆಯಲಾರದೆ ಆ ತಂಗಿಗೆ ಫೋನ್ ಮಾಡಿದೆ. ಅಮ್ಮನಿಗೆ ನೀಲಿ ಕಾರ್ಡು ಬಂದಿದೆಯಂತೆ. ಅಲ್ಲಿ ಮತ್ತೆ ಚುನಾವಣೆಯಂತೆ, ಅಮ್ಮನಿಗೆ ಮೊದಲ ಓಟು. ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಅಮ್ಮನೇ ಫೋನು ಇಸಕೊಂಡರು.

"ಸೀಟು ಹಂಚ್ಕೊಂಡಿದ್ದಾರಮ್ಮ. ನಮ್ಮೂರಲ್ಲಿ ಮೈತ್ರಿ ಕಡೆಯಿಂದ ನಿಂತಿರೋನು ಆ ಹಳೇ ಪಕ್ಷದೋನು. ನಂಗೆ ಜೀವಮಾನವೆಲ್ಲ ಕಾರ್ಡು ಕೊಡದೋರಿಗೇ ನಾನು ಓಟು ಹಾಕ್ಬೇಕಾ? ಅವನಿದ್ದಿದ್ರೆ ಏನಂತಿದ್ದ?"

ಅಣ್ಣ ಏನನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಗನ ಬಾಯಲ್ಲಿ ನಡೆಯುವ ಮಾತು ಅದು, ನನ್ನ ಬಾಯಲ್ಲಿ ಬರಲಿಲ್ಲ.

"ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ ಅಮ್ಮ," ಎಂದೆ.



"ಅವನಾಗಿದ್ರೆ ಇಷ್ಟು ಸಲೀಸಾಗಿ ಬಿಡ್ತಿರ್ಲಿಲ್ಲ, ಜಗಳ ಆಡ್ತಿದ್ದ," ಎಂದು ಅಮ್ಮ ಅಳತೊಡಗಿದರು.